ವಾಗ್ದಾನದ ಕಾರ್ಡಿನಲ್ಲಿ ಯಾರೂ ಮುದ್ರಿಸದ ವಚನಗಳು

"ನಂಬಿಕೆಯಿಂದ ಓದಿ, ಎಲ್ಲ ಅರ್ಥ ಆಗುತ್ತೆ." ಬೈಬಲ್ ಬಗ್ಗೆ ಈ ಮಾತು ಕೇಳದೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಬೆಳೆದವರು ಯಾರಾದರೂ ಇದ್ದೀರಾ? ಸಂಡೇ ಸ್ಕೂಲಿನಲ್ಲಿ ಕೇಳಿದ್ದೇವೆ, ಯೂತ್ ಕೂಟದಲ್ಲಿ ಕೇಳಿದ್ದೇವೆ, ಉಪವಾಸ ಪ್ರಾರ್ಥನೆಯಲ್ಲಿ ಕೇಳಿದ್ದೇವೆ. ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದನ್ನು ಯಾವ ಹೊತ್ತಿನಲ್ಲಿ ಹೇಳುತ್ತಾರೆ ಅನ್ನೋದನ್ನ ಮಾತ್ರ ಸ್ವಲ್ಪ ಗಮನಿಸಿ. ಯಾರೋ ಒಬ್ಬರು ಕಷ್ಟದ ಪ್ರಶ್ನೆ ಕೇಳಿರುತ್ತಾರೆ, ಮುಂದೆ ನಿಂತವರಿಗೆ ಉತ್ತರ ಹೊಳೆದಿರುವುದಿಲ್ಲ, ಟೈಮ್ ಬೇರೆ ಆಗಿರುತ್ತೆ, ಆಗ ಈ ಮಾತು ಹೊರಗೆ ಬರುತ್ತೆ. ನನ್ನ ತಕರಾರು ಇರೋದು ಅಲ್ಲಿ.

ಹೊಸ ವರ್ಷದ ರಾತ್ರಿ ಆರಾಧನೆ ಮುಗಿದ ಮೇಲೆ, ಬೈಬಲಿನ ಒಂದು ವಚನ ಮುದ್ರಿಸಿರುವ ವಾಗ್ದಾನದ ಕಾರ್ಡ್ ಎತ್ತುತ್ತೇವಲ್ಲ, ನಮ್ಮ ಎಷ್ಟೋ ಸಭೆಗಳಲ್ಲಿ ಇದೆ ಈ ಪದ್ಧತಿ. ಬುಟ್ಟಿ ಬರುತ್ತೆ, ಕಣ್ಣು ಮುಚ್ಚಿ ಒಂದು ತೆಗೆದುಕೊಳ್ಳುತ್ತೇವೆ, ಆಮೇಲೆ ವರ್ಷವಿಡೀ ಅದು ಫ್ರಿಜ್ ಬಾಗಿಲಿಗೆ ಅಂಟಿಕೊಂಡಿರುತ್ತೆ. ಯೆರೆಮೀಯ 29:11 ಯಾರಿಗಾದರೂ ಬಂದೇ ಬರುತ್ತೆ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಒಳ್ಳೆಯದು, ನಿಮಗೆ ಮುಂದೆ ನಿರೀಕ್ಷೆ ಇದೆ ಅನ್ನುವ ಅರ್ಥದ ಮಾತು. ಮನೆ ಕಟ್ಟುವವರಿಗೂ ಅದೇ, ವೀಸಾಗೆ ಕಾಯುವವರಿಗೂ ಅದೇ, ಪಿಯುಸಿ ಮಕ್ಕಳಿಗಂತೂ ಅದು ಹಾಲ್ ಟಿಕೆಟ್ ಜೊತೆಗೇ ಹೋಗುತ್ತೆ. ಕೀರ್ತನೆ 137:9 ಯಾರಿಗಾದರೂ ಬಂದಿದೆಯಾ? ಬಂದಿರಲ್ಲ ಬಿಡಿ, ಮುದ್ರಿಸಿದ್ದರೆ ತಾನೇ ಬರೋದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಾಬೆಲಿನ ನದಿಗಳ ಬಳಿ ಕೂತು ಅತ್ತೆವು ಅಂತ ಶುರುವಾಗುವ ಕೀರ್ತನೆ ಅದು. ಮೊದಲ ಆರು ವಚನ ಎಲ್ಲರಿಗೂ ಇಷ್ಟ, ಅದರ ಮೇಲೆ ಪ್ರಸಂಗಗಳೂ ಬೇಕಾದಷ್ಟಿವೆ. ಕೊನೆಯ ವಚನಕ್ಕೆ ಬಂದರೆ, ಬಾಬೆಲಿನ ಕೂಸುಗಳನ್ನು ಹಿಡಿದು ಬಂಡೆಗೆ ಅಪ್ಪಳಿಸುವವನು ಧನ್ಯ ಅಂತ ಇದೆ. ಇದು ಸತ್ಯವೇದದಲ್ಲಿ ಇದೆ. ದಿನಾ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಅದೇ ಪುಸ್ತಕದಲ್ಲಿ.

ಲಿಂಗರಾಜಪುರದ ಒಂದು ಮನೆಕೂಟದಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ಮೊಬೈಲಿನಲ್ಲಿ ವರ್ಷಕ್ಕೊಂದು ಸಲ ಬೈಬಲ್ ಓದಿ ಮುಗಿಸುವ ಪ್ಲಾನ್ ಹಾಕಿಕೊಂಡಿದ್ದವನು. ನಮ್ಮಲ್ಲಿ ಎಷ್ಟು ಜನ ಆದಿಯಿಂದ ಅಂತ್ಯದವರೆಗೆ ಓದಿದ್ದೇವೆ ಹೇಳಿ? ಅವನು ಓದುತ್ತಿದ್ದ, ಅದಕ್ಕೇ ಪ್ರಶ್ನೆ ಬಂತು. ವಾಕ್ಯ ಹೇಳಲು ಬಂದಿದ್ದವರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, "ಪ್ರಾಕೃತ ಮನುಷ್ಯನಿಗೆ ಇವೆಲ್ಲ ಅರ್ಥ ಆಗಲ್ಲ ತಮ್ಮಾ, ಮೊದಲು ಆತ್ಮನಿಂದ ತುಂಬಿಸಿಕೋ" ಅಂದರು. ನಾಲ್ಕೈದು ಜನ ಆಮೆನ್ ಅಂದರು. ಹುಡುಗ ತಲೆ ತಗ್ಗಿಸಿ ಫೋನ್ ಜೇಬಿಗೆ ಹಾಕಿಕೊಂಡ. ಆಮೇಲೆ ಅವನನ್ನು ಆ ಕೂಟದಲ್ಲಿ ನಾನು ನೋಡಲಿಲ್ಲ.

ಪ್ರಾಕೃತ ಮನುಷ್ಯ, ಅಂದರೆ ದೇವರ ಆತ್ಮವಿಲ್ಲದವನು, ಅನ್ನುವ ಆ ಮಾತು ಬರುವ ವಚನ 1 ಕೊರಿಂಥ 2:14. ಅದನ್ನು ಎತ್ತಿ ಹೊಡೆಯುವವರು ದಯವಿಟ್ಟು ಇನ್ನೊಂದು ನಾಲ್ಕು ಸಾಲು ಮುಂದೆ ಓದಬೇಕು. ಆ ಪತ್ರ ಬರೆದ ಪೌಲನು ಅಲ್ಲಿ ಮಾತಾಡುತ್ತಿರುವುದು ಶಿಲುಬೆಯ ಬಗ್ಗೆ. ಲೋಕದ ಜಾಣರಿಗೆ ಹುಚ್ಚುತನವಾಗಿ ಕಾಣುವುದು ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನೇ ಹೊರತು ಹಳೆ ಒಡಂಬಡಿಕೆಯ ಎಲ್ಲ ಒಗಟುಗಳೂ ಅಲ್ಲ. ಅಧ್ಯಾಯ ಮುಗಿದ ತಕ್ಷಣ, 3:1ರಲ್ಲಿ, ಆತನು ಕೊರಿಂಥದ ವಿಶ್ವಾಸಿಗಳಿಗೇ ನೇರವಾಗಿ ಹೇಳುತ್ತಾನೆ: ನಿಮ್ಮ ಜೊತೆ ಆತ್ಮಿಕರ ಜೊತೆ ಮಾತಾಡುವ ಹಾಗೆ ಮಾತಾಡೋಕೆ ನನಗೆ ಆಗಲಿಲ್ಲ. ಯಾಕೆ? ಅವರು ಪ್ರಶ್ನೆ ಕೇಳಿದ್ದಕ್ಕಾ? ಅಲ್ಲ. ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಹೊಟ್ಟೆಕಿಚ್ಚುಪಟ್ಟು ಜಗಳ ಆಡಿದ್ದಕ್ಕೆ. ಕಮಿಟಿ ಎಲೆಕ್ಷನ್ ಹೊತ್ತಿನಲ್ಲಿ ನಮ್ಮ ಸಭೆಗಳ ಅಂಗಳ ನೋಡಿದವರಿಗೆ ಇದರ ಮೇಲೆ ವ್ಯಾಖ್ಯಾನ ಬೇಕಾಗಿಲ್ಲ.

ಈಗ ಕೀರ್ತನೆಗೇ ವಾಪಸ್ ಬರೋಣ. ಅದನ್ನು ಹೇಗಾದರೂ ಮೆತ್ತಗೆ ಮಾಡಬೇಕು ಅಂತ ಸಭೆ ಮೊದಲಿನಿಂದಲೂ ಒದ್ದಾಡಿದೆ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಜೆನ್ ಅನ್ನುವ ಕ್ರೈಸ್ತ ಪಂಡಿತರು, ಆ ಕೂಸುಗಳು ಅಂದರೆ ಮನಸ್ಸಿನಲ್ಲಿ ಆಗ ತಾನೇ ಹುಟ್ಟುವ ಕೆಟ್ಟ ಯೋಚನೆಗಳು, ಬೆಳೆಯುವ ಮೊದಲೇ ಅವನ್ನು ಅಪ್ಪಳಿಸಿಬಿಡಬೇಕು ಅಂತ ಬಿಡಿಸಿದರು. ಪ್ರಾರ್ಥನೆಗೆ ಕೂತವರಿಗೆ ಇದು ನಿಜಕ್ಕೂ ಉಪಯೋಗ ಆಗುವ ಮಾತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಡಿದವರ ಕಣ್ಣ ಮುಂದೆ ಇದ್ದದ್ದು ಯೋಚನೆಗಳಲ್ಲವಲ್ಲ. ಇನ್ನು ಕ್ಯಾಥೊಲಿಕ್ ಸಭೆಯವರು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ದಿನದ ಪ್ರಾರ್ಥನೆಯ ಪುಸ್ತಕವನ್ನು ಹೊಸದಾಗಿ ರೂಪಿಸಿದಾಗ 58, 83, 109ನೇ ಕೀರ್ತನೆಗಳನ್ನು ಪೂರ್ತಿ ಬಿಟ್ಟರು, 137ರಲ್ಲಿ ಕೊನೆಯ ಮೂರು ವಚನ ಬಿಟ್ಟರು. ನಮ್ಮ ಕಡೆ ಹಾಗೆ ಅಧಿಕೃತವಾಗಿ ಏನೂ ಬಿಡಲಿಲ್ಲ, ಸುಮ್ನೆ ಯಾರೂ ಓದುವುದಿಲ್ಲ ಅಷ್ಟೇ. ಅವರದು ಕನಿಷ್ಠ ಪ್ರಾಮಾಣಿಕ ಅನ್ನಿಸುತ್ತೆ ನನಗೆ.

ಬಿಟ್ಟರೆ ಏನು ಕಳೆದುಹೋಗುತ್ತೆ ಅಂದರೆ, ಯೆರೆಮೀಯ 29:11 ಕೂಡ ಕಳೆದುಹೋಗುತ್ತೆ. ಯಾಕೆಂದರೆ ಎರಡೂ ಒಂದೇ ಸೆರೆಯ ಮಾತು! ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಹಿಡಿದುಕೊಂಡು ಹೋದ ಜನರಿಗೆ ಯೆರೆಮೀಯ ಬರೆದ ಪತ್ರ ಅದು. ನಮ್ಮ ಕಾರ್ಡಿನಲ್ಲಿರುವುದು 11ನೇ ವಚನ. ಅದರ ಹಿಂದಿನ 10ನೇ ವಚನದಲ್ಲಿ ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ಅಂತ ಇದೆ. ಎಪ್ಪತ್ತು! ಪತ್ರ ಓದಿಸಿಕೊಂಡು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ವಾಪಸ್ ಹೋಗದೆ ಅಲ್ಲೇ ಮಣ್ಣಾಗುವವರು. ಇನ್ನೂ ಸ್ವಲ್ಪ ಮೇಲೆ 7ನೇ ವಚನದಲ್ಲಿ ಇನ್ನೂ ಕಷ್ಟದ್ದಿದೆ: ನಿಮ್ಮನ್ನು ಎಳೆದುಕೊಂಡು ಹೋದ ಆ ಪಟ್ಟಣಕ್ಕೆ ಒಳ್ಳೆಯದಾಗಲಿ ಅಂತ ಪ್ರಾರ್ಥನೆ ಮಾಡಿ. ಆಮೇಲೆ ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮೇ ಬಿತ್ತು, ದೇವಾಲಯ ಸುಟ್ಟುಹೋಯಿತು. 2 ಅರಸುಗಳು 25 ಓದಿ ನೋಡಿ. ಅರಸ ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರಿಗೇ ಕೊಂದು, ಆಮೇಲೆ ಅವನ ಕಣ್ಣು ಕೀಳುತ್ತಾರೆ. ಅವನು ಕೊನೆಯದಾಗಿ ನೋಡಿದ್ದು ಅದನ್ನೇ. ಪ್ರಲಾಪಗಳಲ್ಲಿ ಹಸಿವಿಗೆ ತಾಯಂದಿರು ಏನು ಬೇಯಿಸಿಕೊಂಡರು ಅಂತ ಬರೆದಿದೆ, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅಂಥದ್ದನ್ನು ಕಂಡು ಬಂದವರ ಬಾಯಿಂದ 137:9 ಬಂತು. ನಮ್ಮ ಮಕ್ಕಳಿಗೆ ಆದದ್ದು ಅವರ ಮಕ್ಕಳಿಗೂ ಆಗಲಿ ಅಂತ. ಇದು ದೇವರು ಕೊಟ್ಟ ಆಜ್ಞೆ ಅಲ್ಲ, ದೇವರ ಮುಂದೆ ಒಬ್ಬ ಮನುಷ್ಯ ಕಕ್ಕಿದ ಕೋಪ. ಅದನ್ನು ತಿದ್ದಿ, ಒರೆಸಿ, ಚೆಂದ ಮಾಡಿ ಇಡದೆ ಹಾಗೆಯೇ ದೇವರ ಪುಸ್ತಕದೊಳಗೆ ಉಳಿಸಿಕೊಂಡಿದ್ದಾರಲ್ಲ, ನನಗೆ ಅಲ್ಲೇ ಏನೋ ತೆರೆದುಕೊಂಡಿತು. ಶತ್ರುವಿನ ಊರಿಗಾಗಿ ಪ್ರಾರ್ಥಿಸಿ ಅಂತ ಹೇಳಿಸಿಕೊಂಡ ಜನ, ಅದು ತಮ್ಮ ಕೈಲಿ ಆಗುತ್ತಿಲ್ಲ ಅನ್ನುವುದನ್ನೂ ಪ್ರಾರ್ಥನೆಯಲ್ಲೇ ಹೇಳಿದರು. ಹಾಗಂತ ವಚನ ಈಗ ನನಗೆ ಹಗುರ ಆಗಿದೆಯಾ? ಇಲ್ಲ. ಬಾಬೆಲಿನ ಆ ಕೂಸಿಗೆ ನೆಬೂಕದ್ನೆಚ್ಚರ ಯಾರು ಅಂತಲೂ ಗೊತ್ತಿರಲ್ಲ. ಅದು ಮುಳ್ಳಿನ ಹಾಗೆ ಚುಚ್ಚುತ್ತಲೇ ಇರುತ್ತೆ, ಚುಚ್ಚಬೇಕು ಕೂಡ.

ನಂಬಿಕೆ ಏನು ಮಾಡುತ್ತೆ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಚುಚ್ಚಿದರೂ ಎದ್ದು ಹೋಗದೆ ಕೂರಿಸುತ್ತೆ. ಪುಸ್ತಕ ಕೊಟ್ಟಾತನನ್ನೇ ಕೇಳುವ ಧೈರ್ಯ ಕೊಡುತ್ತೆ. 11ನೇ ಶತಮಾನದ ಆನ್ಸೆಲ್ಮ್ ಅನ್ನುವ ದೇವಶಾಸ್ತ್ರಜ್ಞರು ನಂಬಿಕೆಯನ್ನು ತಿಳುವಳಿಕೆ ಹುಡುಕಿಕೊಂಡು ಹೊರಟದ್ದು ಅಂತ ಕರೆದರು. ಹುಡುಕೋದು ಅಂದ ಮೇಲೆ ಇನ್ನೂ ಸಿಕ್ಕಿಲ್ಲ ಅಂತ ತಾನೇ? ಯೇಸುವೇ ಶಿಷ್ಯರಿಗೆ, ನಿಮಗೆ ಹೇಳುವುದು ಇನ್ನೂ ಬಹಳ ಇದೆ, ಆದರೆ ಈಗ ನೀವು ಹೊರಲಾರಿರಿ ಅಂದದ್ದು ಯೋಹಾನ 16:12ರಲ್ಲಿ ಇದೆ. ಆತ್ಮನು ಎಲ್ಲ ಸತ್ಯದೊಳಗೆ ನಡೆಸುತ್ತಾನೆ ಅನ್ನುವ ಮಾತು ಬರುವುದು ಅದರ ಮುಂದಿನ ವಚನದಲ್ಲಿ. ಮೂರು ವರ್ಷ ಜೊತೆಗೇ ಉಂಡು ತಿರುಗಿದವರಿಗೇ ಈಗ ಬೇಡ ಅಂದಿದ್ದಾನೆ ಅಂದಮೇಲೆ, ಅರ್ಧ ಗಂಟೆಯ ಮನೆಕೂಟದಲ್ಲಿ ಎಲ್ಲ ಅರ್ಥ ಆಗಬೇಕು ಅಂತ ನಾವ್ಯಾಕೆ ಹಟ ಹಿಡಿಯುತ್ತೇವೋ.

ಇನ್ನೊಂದು ಭಾಗ ಹೇಳಬೇಕು, ಮತ್ತಾಯ 15. ತೂರ್ ಸೀದೋನ್ ಕಡೆ ಒಬ್ಬ ಕಾನಾನ್ಯ ಹೆಂಗಸು ಮಗಳಿಗಾಗಿ ಕೂಗಿಕೊಂಡು ಬರುತ್ತಾಳೆ. ಯೇಸು ಮೊದಲು ಮಾತೇ ಆಡುವುದಿಲ್ಲ. ಆಮೇಲೆ, ನನ್ನನ್ನು ಕಳುಹಿಸಿದ್ದು ಇಸ್ರಾಯೇಲಿನ ತಪ್ಪಿಹೋದ ಕುರಿಗಳ ಬಳಿಗೆ ಮಾತ್ರ ಅನ್ನುತ್ತಾನೆ. ಅದಾದ ಮೇಲೆ, ಮಕ್ಕಳ ರೊಟ್ಟಿ ತೆಗೆದು ನಾಯಿಗಳಿಗೆ ಹಾಕುವುದು ಸರಿಯಲ್ಲ ಅನ್ನುತ್ತಾನೆ. ಯೇಸುವಿನ ಬಾಯಲ್ಲಿ ಈ ಮಾತು! ಇದನ್ನು ಓದಿದ ದಿನ ನಮ್ಮ ಕೂಟದಲ್ಲಿ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸ ಮಾಡುವ ಒಬ್ಬ ಅಕ್ಕ ಇದ್ದರು. ಅವರು ಕೆಲಸ ಮಾಡುವ ಕಡೆ ಲಿಫ್ಟೂ ಬೇರೆ, ಕಾಫಿ ಲೋಟವೂ ಬೇರೆ. ಯಾರೋ ಒಬ್ಬರು ಎಂದಿನಂತೆ, "ಯೇಸುಸ್ವಾಮಿ ಸುಮ್ನೆ ಆಕೆಯ ನಂಬಿಕೆ ಪರೀಕ್ಷೆ ಮಾಡಿದ್ದು ಅಷ್ಟೇ ಅಕ್ಕಾ" ಅಂದರು.

ಅಕ್ಕ ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ, "ಪರೀಕ್ಷೆ ಮಾಡಕ್ಕೆ ಅದೇ ಹೊತ್ತು ಬೇಕಿತ್ತಾ?" ಅಂದರು. ಯಾರೂ ಮಾತಾಡಲಿಲ್ಲ. ಅವರೇ ಮುಂದುವರಿಸಿದರು: "ಆ ಮಾತು ಆಯಮ್ಮಂಗೆ ಕೇಳ್ಸಿಲ್ಲ ಅಂದ್ಕೊಂಡ್ರಾ? ಕೇಳ್ಸಿರತ್ತೆ. ಮಗೂಗೆ ಹುಷಾರಿಲ್ದಾಗ ಯಾರ್ ಏನಂದ್ರೂ ನಿಂತ್ಕೋತೀವಿ. ಅಳೋದೆಲ್ಲ ಆಮೇಲೆ."

ಆ ಭಾಗದ ಮೇಲೆ ನಾನು ಓದಿದ ವ್ಯಾಖ್ಯಾನಗಳಲ್ಲಿ ಯಾವುದೂ ಅಷ್ಟು ಹತ್ತಿರ ಹೋಗಿಲ್ಲ. ಅವರು ಹೇಳಿದ ಮೇಲೆಯೇ ನಾನು ಹಿಂದೆ ಮುಂದೆ ತಿರುಗಿಸಿ ನೋಡಿದ್ದು. 14ನೇ ಅಧ್ಯಾಯದಲ್ಲಿ ಐದು ಸಾವಿರ ಜನ ಉಂಡ ಮೇಲೆ ಹನ್ನೆರಡು ಪುಟ್ಟಿ ಮಿಕ್ಕಿದೆ. 15ರ ಕೊನೆಯಲ್ಲಿ ನಾಲ್ಕು ಸಾವಿರ ಜನಕ್ಕೆ ಬಡಿಸಿ ಏಳು ಪುಟ್ಟಿ ಮಿಕ್ಕುತ್ತೆ. ಎರಡು ಊಟದ ನಡುವೆ ನಿಂತು ಈ ಹೆಂಗಸು, ಮೇಜಿನಿಂದ ಬೀಳುವ ಚೂರು ನಾಯಿಗಳೂ ತಿನ್ನುತ್ತವಲ್ಲಾ ಸ್ವಾಮಿ ಅನ್ನುತ್ತಾಳೆ. ಅಷ್ಟೊಂದು ಮಿಕ್ಕಿರುವ ಕಡೆ! ಇನ್ನೂ ಒಂದು ವಿಷಯ. 14ರಲ್ಲಿ ಪೇತ್ರನಿಗೆ ನಿನ್ನ ನಂಬಿಕೆ ಕಮ್ಮಿ ಅಂತ ಹೇಳಿದ ಅದೇ ಯೇಸು, 15ರಲ್ಲಿ ಎದುರು ಮಾತಾಡಿದ ಈ ಹೊರಗಿನವಳಿಗೆ ನಿನ್ನ ನಂಬಿಕೆ ದೊಡ್ಡದು ಅನ್ನುತ್ತಾನೆ. ಮಗಳು ಆ ಗಳಿಗೆಯಲ್ಲೇ ವಾಸಿಯಾದಳು. ಆಮೆನ್ ಅಂದು ಸುಮ್ಮನಾಗಿದ್ದರೆ ಆಗುತ್ತಿತ್ತಾ?

ಆ ರಾತ್ರಿ ಮುಕ್ತಾಯದ ಪ್ರಾರ್ಥನೆ ಮಾಡಿದವರೂ ಆ ಅಕ್ಕನೇ. "ಸ್ವಾಮಿ, ಆ ಮಾತು ನಂಗೆ ಇಷ್ಟ ಆಗ್ಲಿಲ್ಲ, ಆದ್ರೂ ನಿಮ್ಮನ್ ಬಿಟ್ರೆ ಯಾರ್ ಹತ್ರ ಹೋಗ್ಲಿ" ಅಂತಲೇ ಶುರು ಮಾಡಿದರು. ಯೋಹಾನ 6ರಲ್ಲಿ, ಇದು ಕಠಿಣವಾದ ಮಾತು ಅಂತ ಶಿಷ್ಯರಲ್ಲೇ ಅನೇಕರು ಹಿಂದಕ್ಕೆ ಹೋದಾಗ ಪೇತ್ರ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಪೇತ್ರನಿಗೂ ಅರ್ಥ ಆಗಿತ್ತು ಅಂತ ಅಲ್ಲಿ ಎಲ್ಲೂ ಬರೆದಿಲ್ಲ.

ಇಷ್ಟು ಹೇಳಿದರೆ ಕೆಲವರು ಫೋನ್ ಮಾಡುತ್ತಾರೆ, ನನಗೆ ಗೊತ್ತು. "ಬ್ರದರ್, ಹೊಸ ವಿಶ್ವಾಸಿಗಳು ಎಡವಿಬಿಡುತ್ತಾರೆ, ಇಂಥದ್ದನ್ನೆಲ್ಲ ಬಹಿರಂಗವಾಗಿ ಯಾಕೆ?" ಅವರ ಕಾಳಜಿ ಅರ್ಥ ಆಗುತ್ತೆ. ಆದರೆ ಪ್ರವಾದಿ ಎಲೀಷನನ್ನು ಬೋಳುತಲೆ ಅಂತ ಹಾಸ್ಯ ಮಾಡಿದ್ದಕ್ಕೆ ಕರಡಿಗಳು ಬಂದು 42 ಹುಡುಗರನ್ನು ಸೀಳಿದವು ಅನ್ನುವ ಕಥೆ ಈಗ ಯಾರಿಂದ ಮುಚ್ಚಿಡುತ್ತೀರಿ? ಮಕ್ಕಳು ಅದನ್ನು ನಗುವ ರೀಲ್ಸಿನಲ್ಲಿ ನೋಡಿ ಆಗಿರುತ್ತೆ. ನಮ್ಮ ಜೊತೆ ಕೂತು ಓದುವುದು ಒಳ್ಳೆಯದೋ, ನಗುವವರ ಜೊತೆ ಒಬ್ಬರೇ ಓದುವುದು ಒಳ್ಳೆಯದೋ? ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದವನು, ಯಾರಾದರೂ ತಿಳಿಸಿಕೊಡದಿದ್ದರೆ ನನಗೆ ಹೇಗೆ ತಿಳಿದೀತು ಅಂದಾಗ ಫಿಲಿಪ್ಪನು ಅವನನ್ನು ಪ್ರಾಕೃತ ಮನುಷ್ಯ ಅನ್ನಲಿಲ್ಲ. ರಥ ಹತ್ತಿ ಪಕ್ಕದಲ್ಲಿ ಕೂತ.

ಇನ್ನು ಕೆಲವರು ದೇವರ ಪರವಾಗಿ ವಾದ ಮಾಡುವುದೇ ಭಕ್ತಿ ಅಂದುಕೊಂಡಿದ್ದಾರೆ. ಅವರು ಯೋಬ 42:7 ಓದಲಿ. ಪುಸ್ತಕದುದ್ದಕ್ಕೂ ದೇವರ ಪರ ಮಾತಾಡಿದ್ದು ಯೋಬನ ಮೂವರು ಸ್ನೇಹಿತರು, ಕಷ್ಟದಲ್ಲಿ ದೇವರ ಮೇಲೆ ಕೂಗಾಡಿದ್ದು ಯೋಬ. ಕೊನೆಗೆ ದೇವರು ಆ ಮೂವರಲ್ಲಿ ಒಬ್ಬನಾದ ಎಲೀಫಜನಿಗೆ, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಅಂದುಬಿಟ್ಟ.

ಮುಂದಿನ ಶುಕ್ರವಾರ ನಮ್ಮ ಮನೆಕೂಟದಲ್ಲಿ 1 ಸಮುವೇಲ 15 ಓದುತ್ತಿದ್ದೇವೆ. ಅಮಾಲೇಕ್ಯರ ಗಂಡಸರು, ಹೆಂಗಸರು, ಮೊಲೆಕೂಸುಗಳು, ದನ ಕುರಿ ಒಂಟೆ ಕತ್ತೆ ಯಾವುದನ್ನೂ ಉಳಿಸಬೇಡ ಅನ್ನುವ ಅಧ್ಯಾಯ. ಇಲ್ಲಿ 137ರ ಹಾಗೆ ಮನುಷ್ಯನ ಕೋಪ ಅಂತ ಹೇಳಿ ದಾಟಿಕೊಳ್ಳಲು ಆಗುವುದಿಲ್ಲ, ಕರ್ತನ ಮಾತು ಅಂತಲೇ ಬರೆದಿದೆ. ಅದೇ ಅಧ್ಯಾಯದಲ್ಲಿ ದೇವರು ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಡುತ್ತಾನೆ ಅಂತಲೂ ಇದೆ, ದೇವರು ಮನುಷ್ಯನ ಹಾಗೆ ಪಶ್ಚಾತ್ತಾಪಪಡುವವನಲ್ಲ ಅಂತಲೂ ಇದೆ. 11ನೇ ವಚನದಲ್ಲಿ ಸಮುವೇಲ ರಾತ್ರಿಯೆಲ್ಲ ಕರ್ತನಿಗೆ ಮೊರೆಯಿಡುತ್ತಾನೆ, ಪ್ರವಾದಿಯೇ! ನಾನು ಅಲ್ಲಿಂದ ಶುರು ಮಾಡೋಣ ಅಂದುಕೊಂಡಿದ್ದೇನೆ. ನನ್ನ ಹತ್ತಿರ ರೆಡಿ ವಿವರಣೆ ಯಾವುದೂ ಇಲ್ಲ, ಇದ್ದವರು ತಂದರೆ ಕೇಳುತ್ತೇವೆ, ಒಪ್ಪದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಸಂಜೆ ಏಳಕ್ಕೆ, ಕಾಫಿ ಇರುತ್ತೆ. ಆ ಎಲೆಕ್ಟ್ರಾನಿಕ್ ಸಿಟಿ ಹುಡುಗ ಯಾರ ಪರಿಚಯದಲ್ಲಾದರೂ ಇದ್ದರೆ ಅವನಿಗೂ ಹೇಳಿ, ಟ್ರಾಫಿಕ್ ಇದ್ದರೆ ಲೇಟಾಗಿ ಬಂದರೂ ಪರವಾಗಿಲ್ಲ.