ತೊಡೆಯ ಮೇಲೊಂದು ಟ್ಯೂಬಾ

ಕೊಳಲು ನುಡಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಾರ್ಯಕ್ರಮ ಮುಗಿದದ್ದೇ ತಡ, ವಾದ್ಯವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೇಬಿಡುತ್ತಾರೆ. ನಾನು ಆರಿಸಿಕೊಂಡದ್ದು ಟ್ಯೂಬಾ ಎಂಬ ಹಿತ್ತಾಳೆಯ ದೈತ್ಯ ಊದುವಾದ್ಯ. ಅದರ ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 18 ಅಡಿ ಕೊಳವೆ. ತೂಕ 10 ಕಿಲೋ ದಾಟುತ್ತದೆ. ಹೊತ್ತುಕೊಂಡು ಹೊರಟರೆ ‘ಹಂಡೆ ಎಲ್ಲಿಗೆ?’ ಅಂತ ಕೇಳುವವರೇ ಹೆಚ್ಚು.

ಊದುವುದು ಕಷ್ಟ ಅಂದುಕೊಂಡಿದ್ದೆ. ಅಲ್ಲ, ಕೂರಿಸುವುದು ಕಷ್ಟ. 1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೋರಿಟ್ಸ್ ಎಂಬಿಬ್ಬರು ಬಾಸ್ ಟ್ಯೂಬಾಕ್ಕೆ ಪೇಟೆಂಟ್ ಪಡೆದರು. ಯಾರ ತೊಡೆಯ ಅಳತೆ ತೆಗೆದುಕೊಂಡಿದ್ದರೋ ಕಾಣೆ, ನನ್ನದನ್ನಂತೂ ಅಲ್ಲ. ತೊಡೆಯ ಮೇಲಿಟ್ಟುಕೊಂಡರೆ ಊದುವ ತುದಿ, ಅಂದರೆ ಮೌತ್‌ಪೀಸ್, ನನ್ನ ಗಲ್ಲಕ್ಕೆ ತಾಗುತ್ತಿತ್ತು. ಎರಡೇ ಬೆರಳು ಕಮ್ಮಿ. ಎರಡು ಬೆರಳು ತಾನೇ ಅಂತ ಕತ್ತು ಬಗ್ಗಿಸಿ ಊದಿದೆ. ಬಗ್ಗಿದ ಕತ್ತಿನಲ್ಲಿ ಉಸಿರು ಸರಾಗವಾಗಿ ಹೋಗಬೇಕಲ್ಲ! ಆನೆ ಘೀಳಿಡಬೇಕಾದ ಕಡೆ ಎಮ್ಮೆ ನಿಟ್ಟುಸಿರು ಬಿಟ್ಟಂತಾಯಿತು.

ಬ್ಯಾಂಡ್ ಮೇಷ್ಟ್ರು ಹಣೆ ಒತ್ತಿಕೊಂಡು ಹೇಳಿದರು: ‘ಮೊದಲು ನೆಟ್ಟಗೆ ಕೂತ್ಕೊಳ್ಳಿ ಸ್ವಾಮಿ. ನೀವು ಅದರ ಹತ್ರ ಹೋಗೋದಲ್ಲ, ಅದು ನಿಮ್ಮ ಬಾಯಿ ಹತ್ರ ಬರಬೇಕು.’ ಬಲಗೈ ಇರುವುದು ಸ್ವರ ಬದಲಿಸುವ ವಾಲ್ವ್ ಒತ್ತುವುದಕ್ಕೆ, ಭಾರ ಎತ್ತುವುದಕ್ಕಲ್ಲ ಅಂತಲೂ ಸೇರಿಸಿದರು. ಆ ಕೈಗೂ ಭಾರ ಹಾಕಿದರೆ ಬೆರಳು ಸೆಟೆದುಕೊಳ್ಳುತ್ತವೆ. ಎಡಗೈ ಸುಮ್ಮನೆ ತಬ್ಬಿಕೊಂಡಿದ್ದರೆ ಸಾಕು. ವಾದ್ಯ ತನ್ನಷ್ಟಕ್ಕೆ ತಾನು ನಿಂತಿರಬೇಕು. ಹೇಳುವುದು ಸುಲಭ.

ನೆಟ್ಟಗೆ ಕೂತದ್ದೇನೋ ಸರಿ, ತೊಡೆಗೆ ಹಿತ್ತಾಳೆಯ ಅಂಚು ಒತ್ತಿತು. ಮೊದಲ ಪ್ರದರ್ಶನದಲ್ಲಿ ಮುಕ್ಕಾಲು ಗಂಟೆ ಹಾಗೇ ಕೂತು ನುಡಿಸಿದೆ. ಚಪ್ಪಾಳೆ ಬಿತ್ತು, ಎಲ್ಲರೂ ವಂದಿಸಲು ಎದ್ದರು, ನಾನೂ ಎದ್ದೆ. ಎಡಗಾಲು ಏಳಲಿಲ್ಲ. ಜೋಮು ಹಿಡಿದು ಅದು ಯಾರದೋ ಕಾಲಾಗಿಬಿಟ್ಟಿತ್ತು. ಟ್ಯೂಬಾವನ್ನು ಮಗುವಿನಂತೆ ಅಪ್ಪಿಕೊಂಡೇ ಮುಂದಿನ ಸಾಲಿನ ಟ್ರಂಪೆಟ್‌ನವನ ಬೆನ್ನಿಗೆ ಒರಗಿದೆ. ಜನ ಅದನ್ನು ಗೆಳೆತನ ಅಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿದರು. ಅವನು ಮಾತ್ರ ಇವತ್ತಿಗೂ ನನ್ನ ಮುಂದೆ ಕೂರುವುದಿಲ್ಲ.

ಆಮೇಲೆ ಸ್ಟ್ಯಾಂಡ್ ತಂದೆ. ಕೆಳಗೆ ರಬ್ಬರ್ ಪಾದ, ಮೇಲೆ ವಾದ್ಯ ಕೂರಲು ಬಾಗಿದ ತಟ್ಟೆ, ನಡುವೆ ಎತ್ತರ ಬಿಗಿಮಾಡುವ ಸ್ಕ್ರೂ. ಭಾರವೆಲ್ಲ ನೆಲಕ್ಕೆ, ತೊಡೆಗೆ ರಜೆ. ಸ್ವರ್ಗ! ಆ ಸ್ವರ್ಗದ ಸ್ಕ್ರೂ ಸಡಿಲವಾದದ್ದು ಎಂಟು ಎಣಿಕೆಯ ಒಂದು ಉದ್ದ ಸ್ವರದ ಮಧ್ಯೆ. ಟ್ಯೂಬಾ ಇಂಚಿಂಚಾಗಿ ಇಳಿಯತೊಡಗಿತು. ಸ್ವರ ಬಿಡುವಂತಿಲ್ಲ, ಬಿಟ್ಟರೆ ಮೇಷ್ಟ್ರು ಬಿಡುವುದಿಲ್ಲ. ತುಟಿ ಅಂಟಿಸಿಕೊಂಡು ನಾನೂ ಇಳಿದೆ. ನಾಲ್ಕನೇ ಎಣಿಕೆಗೆ ಗೂನು ಬೆನ್ನು, ಆರಕ್ಕೆ ಕುರ್ಚಿಯ ಅಂಚು, ಎಂಟಕ್ಕೆ ಮೇಷ್ಟ್ರ ಕಣ್ಣಿಗೆ ಕಾಣುತ್ತಿದ್ದದ್ದು ಬರೀ ಟ್ಯೂಬಾದ ಬಾಯಿ. ಪಕ್ಕದ ಟ್ರಾಂಬೋನಿನವರು ನನಗೆ ತಲೆಸುತ್ತು ಬಂತೆಂದು ನೀರಿಗೆ ಓಡಿದರು. ಅವರ ಸ್ವರವೂ ಜೊತೆಗೇ ಓಡಿತು.

ಸೂಸಾಫೋನ್ ಹಾಕ್ಕೊಳ್ಳಿ ಅಂದರು ಒಬ್ಬರು. ಅದು ಮೈಗೆ ತೊಟ್ಟುಕೊಳ್ಳುವ ಟ್ಯೂಬಾ, 1893ರಲ್ಲಿ ಅಮೆರಿಕದ ಬ್ಯಾಂಡ್‌ಮಾಸ್ಟರ್ ಸೂಸಾ ಹೇಳಿದಂತೆ ಮೊದಲು ತಯಾರಾದದ್ದು. ಮೈಸುತ್ತ ಹೆಬ್ಬಾವಿನಂತೆ ಬಳಸಿ ಎಡಭುಜದ ಮೇಲೆ ಕೂರುತ್ತದೆ. ಆರಂಭದಲ್ಲಿ ಅದರ ಬಾಯಿ ಆಕಾಶ ನೋಡುತ್ತಿತ್ತು, ಅದಕ್ಕೇ ‘ಮಳೆ ಹಿಡಿಯುವವನು’ ಎಂದು ಅಡ್ಡಹೆಸರು. ಹಾಕಿ ನೋಡಿದೆ. ಹತ್ತು ನಿಮಿಷಕ್ಕೆ ಭುಜದಲ್ಲಿ ಕೆಂಪು ಬರೆ. ತೆಗೆಯುವುದಕ್ಕೆ ಇಬ್ಬರು ಬೇಕಾದರು.

ಕೊನೆಗೆ ಬಗೆಹರಿದದ್ದು ಮನೆಯ ಕಪಾಟಿನಲ್ಲಿ. ಹೆಂಡತಿಯ ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಗೂ ಟ್ಯೂಬಾಕ್ಕೂ ನಡುವೆ ಇಟ್ಟರೆ ಕರಾರುವಾಕ್ಕಾಗಿ ಎರಡು ಬೆರಳು! ಒಂದು ಮಡಿಕೆ ಹೆಚ್ಚಾದರೆ ಮೌತ್‌ಪೀಸ್ ಮೂಗಿಗೆ, ಕಮ್ಮಿಯಾದರೆ ಮತ್ತೆ ಗಲ್ಲಕ್ಕೆ. ನನ್ನ ಟವೆಲ್ ತೆಳ್ಳಗೆ, ಎಂಟು ಮಡಿಕೆ ಮಾಡಿದರೂ ಸಾಲಲಿಲ್ಲ. ಅವಳದ್ದು ಮೆತ್ತಗಿತ್ತು, ಜಾರುತ್ತಿರಲಿಲ್ಲ. ಒಂದೇ ತೊಡಕು. ಊದಿದ ಉಸಿರು ಕೊಳವೆಯೊಳಗೆ ತಣ್ಣಗಾಗಿ ನೀರಾಗುತ್ತದೆ. ಆಗಾಗ ಪುಟ್ಟ ಮುಚ್ಚಳ ಒತ್ತಿ ಅದನ್ನು ಹೊರಬಿಡಬೇಕು. ಬಿಟ್ಟ ನೀರು ನೆಲಕ್ಕೇ ಬೀಳುತ್ತದೆಂಬ ಭರವಸೆಯೇನೂ ಇಲ್ಲ.

ಆ ಪ್ರದರ್ಶನ ಅದ್ಭುತವಾಗಿ ನಡೆಯಿತು. ಎದ್ದೆ, ವಂದಿಸಿದೆ, ಎರಡೂ ಕಾಲು ನನ್ನವೇ ಆಗಿದ್ದವು. ಮರುದಿನ ಬೆಳಿಗ್ಗೆ ಟ್ಯೂಬಾದ ಪೆಟ್ಟಿಗೆ ತೆರೆಯುತ್ತಿದ್ದೆ, ಬಚ್ಚಲಿನಿಂದ ಕೂಗು ಬಂತು.

‘ರೀ, ನನ್ನ ಟವೆಲ್ ಕಾಣ್ತಾ ಇಲ್ವಲ್ಲ, ನೋಡಿದ್ರಾ?’

‘ಒಣಗಿರೋದೇ ಬೇಕಾ?’ ಅಂದೆ.