ಮತ್ತೆ ಓದಲು ಕೂತವರಿಗೆ ರಜೆ ಕೊಡಿ

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದನ್ನು ಅರ್ಧಕ್ಕೆ ಬಿಟ್ಟವರು ದಾವಣಗೆರೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನೋದು ಹೊರಗಿನವರಿಗೆ ಗೊತ್ತೇ ಆಗಲ್ಲ. ಪಿ.ಜೆ. ಬಡಾವಣೆ, ಮಂಡಿಪೇಟೆ, ಅಶೋಕ ರಸ್ತೆ ಕಡೆಯ ಆಡಿಟರ್ ಆಫೀಸುಗಳ ಒಳಗಿನ ಟೇಬಲ್ಲುಗಳಲ್ಲಿ ಅವರು ಸಿಗುತ್ತಾರೆ. ನಡುವಿನ ಹಂತದ ಇಂಟರ್ ಪರೀಕ್ಷೆ ಆಗಿದೆ, ಆಡಿಟರ್ ಕೈಕೆಳಗಿನ ತರಬೇತಿಯಾದ ಆರ್ಟಿಕಲ್‌ಶಿಪ್ ಮುಗಿದಿದೆ, ಕೊನೆಯ ಫೈನಲ್ ಪರೀಕ್ಷೆ ಮಾತ್ರ ಆಗಿಲ್ಲ. ಯಾವ ಪಾರ್ಟಿಯ (ಅಂದರೆ ಆಫೀಸಿನ ಗಿರಾಕಿಯ) ಯಾವ ನೋಟಿಸ್ ಎಲ್ಲಿಗೆ ಬಂದು ನಿಂತಿದೆ ಅನ್ನೋದು ಅವರ ನಾಲಿಗೆ ಮೇಲೇ ಇರುತ್ತೆ. ಸಹಿ ಮಾತ್ರ ಇನ್ನೊಬ್ಬರದು.

ನಾನೂ ಅವರಲ್ಲಿ ಒಬ್ಬಳು. ಮದುವೆ, ಇಬ್ಬರು ಮಕ್ಕಳು, ನಡುವೆ ಮಾವನವರ ಕಾಯಿಲೆ. ಪುಸ್ತಕಗಳು ಅಟ್ಟ ಸೇರಿದ್ದವು. ಈಗ ಮತ್ತೆ ಓದಲು ಕೂತಿದ್ದೇನೆ. ಫೈನಲ್‌ನ ಪೇಪರುಗಳು ಎರಡು ಗ್ರೂಪಿನಲ್ಲಿರುತ್ತವೆ. ನನ್ನದು ಒಂದು ಗ್ರೂಪ್ ಆಗಿದೆ, ಇನ್ನೊಂದು ಬಾಕಿ ಇದೆ. ಈ ವಿಷಯ ತಿಳಿದ ಎಲ್ಲರೂ ಬೆನ್ನು ತಟ್ಟುತ್ತಾರೆ. "ಈ ವಯಸ್ಸಲ್ಲೂ ಓದ್ತೀಯಲ್ಲವ್ವಾ, ನಿನ್ನ ಛಲ ಮೆಚ್ಚಬೇಕು" ಅನ್ನುತ್ತಾರೆ. ಅವರ ಪ್ರೀತಿ ನಿಜವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ದಿನ ಓದಿದ ಮೇಲೆ ನನಗೆ ಖಚಿತವಾಗಿರೋದು ಒಂದೇ: ಮರಳಿ ಓದಲು ಬಂದವರಿಗೆ ಛಲದ ಕೊರತೆ ಇಲ್ಲ, ಬುದ್ಧಿಯ ಕೊರತೆಯೂ ಇಲ್ಲ. ಇಲ್ಲದಿರೋದು ಹೊತ್ತು. ಆ ಹೊತ್ತು ಬಹುಪಾಲು ನಮ್ಮ ಕೈಯಲ್ಲಿಲ್ಲ, ಮನೆಯವರ ಮತ್ತು ಆಫೀಸಿನವರ ಕೈಯಲ್ಲಿದೆ.

ಮೊದಲು ಬುದ್ಧಿಯ ಮಾತು. ಇಪ್ಪತ್ತೆರಡರ ತಲೆಗೆ ಹತ್ತೋದು ಮೂವತ್ತೆಂಟರ ತಲೆಗೆ ಹತ್ತಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ನಮ್ಮ ಊರಿನ ಮಂಡಕ್ಕಿಯನ್ನೇ ತಗೊಳ್ಳಿ. ಭಟ್ಟಿಯಿಂದ ಚೀಲದಲ್ಲಿ ಬಿಡಿಯಾಗಿ ಹೋಗುವ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ಅದೇ ಮಂಡಕ್ಕಿಯನ್ನು ಚಿಕ್ಕ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿ ಮಾರಿದರೆ 2022ರ ಜುಲೈ 18ರಿಂದ 5% ಬಿತ್ತು. ಎಪಿಎಂಸಿಯ ದಲ್ಲಾಳಿಗೆ ಕೃಷಿ ಉತ್ಪನ್ನದ ಮೇಲೆ ಸಿಗುವ ಕಮಿಷನ್‌ಗೆ ವಿನಾಯಿತಿ ಇದೆ. ರೈತನಿಂದ ಹತ್ತಿ ಕೊಂಡ ನೋಂದಾಯಿತ ವ್ಯಾಪಾರಿ ಮಾತ್ರ ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಮಾರಿದವನ ಬದಲು, ತಾನೇ ತೆರಿಗೆ ಕಟ್ಟಬೇಕು. ಹೊಸ ಹುಡುಗರು ಇದನ್ನು ಪಟ್ಟಿ ಮಾಡಿಕೊಂಡು ಉರು ಹೊಡೆಯುತ್ತಾರೆ. ನನಗೆ ಆ ಸಾಲು ಓದಿದಾಗ ಒಬ್ಬ ಪಾರ್ಟಿಯ ಮುಖ, ಅವರ ಅಂಗಡಿ, ಅವರು ಫೋನಿನಲ್ಲಿ ಕೇಳಿದ ಪ್ರಶ್ನೆ ನೆನಪಾಗುತ್ತೆ. ಕೆಲಸ ಮಾಡಿ ಬಂದವರಿಗೆ ಕಾನೂನು ಬೇಗ ಅರ್ಥವಾಗುತ್ತೆ.

ಕಷ್ಟ ಇರೋದು ಬರೆಯೋದರಲ್ಲಿ. ಆಫೀಸಿನಲ್ಲಿ ಪಾರ್ಟಿ ಕೇಳಿದರೆ "ಇದಕ್ಕೆ ಟ್ಯಾಕ್ಸ್ ಬರಲ್ಲ ಸಾರ್" ಅಂತ ಹೇಳಿದರೆ ಮುಗೀತು. ಪರೀಕ್ಷೆಯಲ್ಲಿ ಕಾನೂನು ಏನು ಹೇಳುತ್ತೆ, ಈ ಪ್ರಕರಣದ ಸಂಗತಿ ಏನು, ಆದ್ದರಿಂದ ತೀರ್ಮಾನ ಏನು, ಎಲ್ಲ ಕ್ರಮವಾಗಿ ಬರಬೇಕು. ಅನುಭವ ಇದ್ದವರು ನೇರ ತೀರ್ಮಾನಕ್ಕೆ ಹಾರುತ್ತಾರೆ, ಅಂಕ ಅಲ್ಲೇ ಹೋಗುತ್ತೆ. ಜೊತೆಗೆ ಎಷ್ಟೋ ವರ್ಷ ಕೀಬೋರ್ಡ್ ಒತ್ತಿದ ಬೆರಳು ಮೂರು ಗಂಟೆ ಪೆನ್ನು ಹಿಡಿಯಲು ಒಪ್ಪಲ್ಲ. ಇದಕ್ಕೆ ಔಷಧಿ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬರೆಯೋದೊಂದೇ. ಅದಕ್ಕೆ ಯಾರೂ ಎಬ್ಬಿಸದ ಮೂರು ಗಂಟೆ ಬೇಕು. ನೋಡಿ, ಮತ್ತೆ ಹೊತ್ತಿನ ಮಾತಿಗೇ ಬಂದೆವು.

ಸಿಲಬಸ್ ಬದಲಾಗಿರೋದಕ್ಕೆ ಅಷ್ಟು ಹೆದರಬೇಕಾಗಿಲ್ಲ. ನಾನು ಆರ್ಟಿಕಲ್‌ಶಿಪ್‌ನಲ್ಲಿದ್ದಾಗ ವ್ಯಾಟ್, ಸರ್ವಿಸ್ ಟ್ಯಾಕ್ಸ್ ಇತ್ತು. 2017ರ ಜುಲೈ 1ಕ್ಕೆ ಅದೆಲ್ಲ ಹೋಗಿ ಜಿಎಸ್‌ಟಿ ಬಂತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಬಾಯಿಪಾಠವಾಗಿದ್ದ, ಉಳಿತಾಯಕ್ಕೆ ಕಡಿತ ಕೊಡುವ 80ಸಿ ಸೆಕ್ಷನ್ ಹೊಸದರಲ್ಲಿ 123 ಆಗಿದೆ. ಯಾವ ಅಟೆಂಪ್ಟಿಗೆ (ಯಾವ ಸಲದ ಪರೀಕ್ಷೆಗೆ) ಯಾವ ಕಾಯ್ದೆ ಅನ್ನೋದನ್ನು ಸಿಎ ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟ್ ಪ್ರಕಟಿಸುತ್ತೆ. ಅದನ್ನು ನೋಡಿಕೊಂಡೇ ಪುಸ್ತಕ ತೆಗೀರಿ, ಅಟ್ಟದ ಪುಸ್ತಕ ಅಟ್ಟದಲ್ಲೇ ಇರಲಿ. ನಿಮ್ಮ ರಿಜಿಸ್ಟ್ರೇಷನ್ ಇನ್ನೂ ಜೀವಂತ ಇದೆಯಾ, ಹೊಸ ಸ್ಕೀಮ್‌ಗೆ (ಹೊಸ ಪಠ್ಯಕ್ರಮಕ್ಕೆ) ಬದಲಾಗಿದೆಯಾ ಅಂತ ಮೊದಲ ದಿನವೇ ಇನ್‌ಸ್ಟಿಟ್ಯೂಟಿನ ಪೋರ್ಟಲ್‌ನಲ್ಲಿ ನೋಡಿ. ಸ್ಟಡಿ ಮೆಟೀರಿಯಲ್ ಅಲ್ಲೇ ಪುಕ್ಕಟೆ ಸಿಗುತ್ತೆ, ಆನ್‌ಲೈನ್ ಕ್ಲಾಸೂ ಪುಕ್ಕಟೆ. ಕೋಚಿಂಗ್‌ಗೆ ಅಂತ ಬೆಂಗಳೂರಿನಲ್ಲಿ ಪಿಜಿ ಹುಡುಕಲೇಬೇಕು ಅನ್ನೋ ಕಾಲ ಹೋಯಿತು.

ಮೊದಲು ಎಂಟು ಪೇಪರ್ ಇದ್ದ ಫೈನಲ್ ಈಗ ಆರು ಪೇಪರ್ ಆಗಿದೆ, ಗ್ರೂಪಿಗೆ ಮೂರರಂತೆ. ಪ್ರತಿ ಪೇಪರಿನಲ್ಲಿ ಕನಿಷ್ಠ 40, ಗ್ರೂಪಿನ ಒಟ್ಟು 300ಕ್ಕೆ 150 ಬರಬೇಕು. ಎರಡೂ ಗ್ರೂಪ್ ಒಟ್ಟಿಗೆ ಕಟ್ಟು, ಒಂದರ ಹೆಚ್ಚಿನ ಅಂಕ ಇನ್ನೊಂದನ್ನು ಎತ್ತುತ್ತೆ ಅನ್ನುವವರಿದ್ದಾರೆ. ಇಡೀ ದಿನ ಓದುವ ಹುಡುಗರಿಗೆ ಅದು ಸರಿ. ಸಂಸಾರಸ್ಥರಿಗೆ ನಾನು ಹೇಳೋದು ಒಂದೇ ಗ್ರೂಪ್. ಗ್ರೂಪ್ ಕೈ ತಪ್ಪಿದರೂ ಒಂದು ಪೇಪರಿನಲ್ಲಿ 60 ಬಂದಿದ್ದರೆ ಮುಂದಿನ ಮೂರು ಅಟೆಂಪ್ಟಿಗೆ ಅದರ ಎಕ್ಸೆಂಪ್ಷನ್ ಇರುತ್ತೆ, ಅಲ್ಲಿವರೆಗೆ ಆ ಪೇಪರ್ ಮತ್ತೆ ಬರೆಯಬೇಕಾಗಿಲ್ಲ.

ಈಗ ನನ್ನ ಮುಖ್ಯ ತಕರಾರು. 2025ರಿಂದ ಫೈನಲ್ ಪರೀಕ್ಷೆ ವರ್ಷಕ್ಕೆ ಮೂರು ಸಲ ಆಗಿದೆ: ಜನವರಿ, ಮೇ, ಸೆಪ್ಟೆಂಬರ್. ಕೇಳಲು ಒಳ್ಳೆಯದು. ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರ ಕ್ಯಾಲೆಂಡರಿನಲ್ಲಿ ಇಟ್ಟು ನೋಡಿ. ಜನವರಿಯ ಪರೀಕ್ಷೆಗೆ ಓದಬೇಕಾದ ಡಿಸೆಂಬರಿನಲ್ಲಿ ಜಿಎಸ್‌ಟಿ ವಾರ್ಷಿಕ ರಿಟರ್ನ್, ಕೊನೆಯ ದಿನ 31. ಮೇ ಪರೀಕ್ಷೆಗೆ ಓದಬೇಕಾದಾಗ ಮಾರ್ಚ್ ವರ್ಷಾಂತ್ಯ. ಸೆಪ್ಟೆಂಬರಿನದಂತೂ ಕೇಳಲೇಬೇಡಿ, ಟ್ಯಾಕ್ಸ್ ಆಡಿಟ್ ವರದಿಯ ಗಡುವೇ ಸೆಪ್ಟೆಂಬರ್ 30. ಆ ತಿಂಗಳು ನಮ್ಮ ಆಫೀಸುಗಳಲ್ಲಿ ರಾತ್ರಿ ಹತ್ತಕ್ಕೂ ದೀಪ ಆರಲ್ಲ. ಅಂದರೆ ಪರೀಕ್ಷೆಯ ಮೂರೂ ಬಾಗಿಲ ಮುಂದೆ ಕೆಲಸ ಅಡ್ಡ ನಿಂತಿರುತ್ತೆ.

ಆರ್ಟಿಕಲ್‌ಶಿಪ್ ಈಗ ಎರಡು ವರ್ಷ. ಅದು ಮುಗಿದು ಆರು ತಿಂಗಳಾದ ಮೇಲೇ ಫೈನಲ್‌ಗೆ ಕೂರಬೇಕು ಅನ್ನೋದು ಹೊಸ ಸ್ಕೀಮಿನ ನಿಯಮ. ಒಳ್ಳೆಯ ನಿಯಮ, ಆ ಮಕ್ಕಳಿಗೆ ಓದಲು ಬಿಡುವು ಸಿಕ್ಕಿತು. ಇಪ್ಪತ್ತೆರಡರ ಹುಡುಗನಿಗೇ ಆರು ತಿಂಗಳ ಬಿಡುವು ಬೇಕು ಅಂತಾದರೆ, ಹಗಲು ಆಫೀಸು, ಸಂಜೆ ಮಕ್ಕಳ ಹೋಂವರ್ಕ್ ನೋಡುವ ಹೆಣ್ಣುಮಗಳಿಗೆ ಎಷ್ಟು ಬೇಕು? ಅವಳಿಗೆ ಯಾವ ನಿಯಮವೂ ಬಿಡುವು ಕೊಡಲ್ಲ, ಕೆಲಸ ಕೊಟ್ಟವರ ಮನಸ್ಸೇ ಗತಿ. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ಪರೀಕ್ಷೆಗೆ ರಜೆ ಕೇಳಿದಾಗ "ಪಾಸಾದ್ರೆ ನೀನು ಬಿಟ್ಟೇ ಹೋಗ್ತೀಯಲ್ಲಮ್ಮ, ರಜೆ ಯಾಕೆ ಕೊಡ್ಲಿ" ಅಂದರು. ಆ ಮಾತು ನೋಯಿಸಿತು, ಈಗಲೂ ನೋಯಿಸುತ್ತೆ. ಬಿಟ್ಟು ಹೋಗುತ್ತಾರೆ ಅನ್ನುವ ಭಯಕ್ಕೆ ಒಬ್ಬರನ್ನು ಇದ್ದಲ್ಲೇ ಕಟ್ಟಿಹಾಕೋದು ನ್ಯಾಯವಲ್ಲ.

ಈಗಿನ ಆಫೀಸಿನಲ್ಲಿ ಸಾರ್ ಬೇರೆ ದಾರಿ ಕಂಡುಕೊಂಡರು. ವರ್ಷದ ಶುರುವಿನಲ್ಲೇ ನಾನು ಯಾವ ಅಟೆಂಪ್ಟ್ ಅಂತ ಹೇಳಬೇಕು. ಅದಕ್ಕೆ ತಕ್ಕಂತೆ ಫೈಲುಗಳನ್ನು ಮೊದಲೇ ಇಬ್ಬರು ಜೂನಿಯರ್‌ಗಳಿಗೆ ಹಂಚುತ್ತಾರೆ. ನಾನು ಹೋಗುವ ಮುಂಚೆ ಪ್ರತಿ ಪಾರ್ಟಿಯ ಬಾಕಿ ಕೆಲಸ ಬರೆದಿಟ್ಟು ಹೋಗುತ್ತೇನೆ. ರಜೆಯಲ್ಲಿ ಫೋನ್ ಮಾಡುವಂತಿಲ್ಲ, ಅದು ಅವರೇ ಹಾಕಿದ ಷರತ್ತು. ಕೆಲಸ ನಿಂತಿಲ್ಲ, ಪಾರ್ಟಿಗಳೂ ಬಿಟ್ಟು ಹೋಗಿಲ್ಲ.

ಮನೆಯ ವಿಷಯದಲ್ಲಿ ಗಂಡಸರು ಓದಲು ಕೂತರೆ ಮನೆಯೇ ಸದ್ದು ಅಡಗಿಸುತ್ತೆ, ಹೆಂಗಸರು ಕೂತರೆ ಕುಕ್ಕರ್ ಸೀಟಿ ಎಣಿಸುತ್ತಾ ಓದಬೇಕು. ಎಲ್ಲ ಮನೆಯಲ್ಲೂ ಹೀಗೇ ಅಂತಲ್ಲ, ಆದರೆ ಹೆಚ್ಚಿನ ಕಡೆ ನಾನು ಕಂಡಿರೋದು ಇದನ್ನೇ. ನಮ್ಮಲ್ಲಿ ಇದನ್ನು ಬದಲಿಸಿದವರು ನಮ್ಮತ್ತೆ. ಏಳನೇ ತರಗತಿ ಓದಿದವರು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ನಮ್ಮ ಮನೆಗೆ ಹರಿಹರ, ಚನ್ನಗಿರಿ ಕಡೆಯಿಂದ ನೆಂಟರು ತುಂಬಿಕೊಳ್ಳುತ್ತಾರೆ. ಆ ಸಲ ಅತ್ತೆ ಮೊದಲೇ ಎಲ್ಲರಿಗೂ ಫೋನ್ ಹಚ್ಚಿದರು: "ಬರ್ರಿ, ಉಂಡು ಹೋಗ್ರಿ. ಆದ್ರೆ ನಮ್ಮ ಸೊಸಿನ ಮಾತ್ರ ಅಡಿಗಿ ಮನಿಗೆ ಕರೀಬ್ಯಾಡ್ರಿ, ಆಕಿ ಪರೀಕ್ಷಿ ಐತಿ." ನಮ್ಮನೆಯವರು ಬೆಳಗಿನ ಟಿಫನ್ನು, ಮಕ್ಕಳ ಡಬ್ಬಿ ತಮ್ಮ ಪಾಲಿಗೆ ತಗೊಂಡರು. ನನಗೆ ಬೆಳಗಿನ ಜಾವ ಸಿಕ್ಕಿತು. ಒಂದನೇ ಗ್ರೂಪ್ ಆದದ್ದು ಆ ಹೊತ್ತಿನಿಂದ.

ಈ ಊರಿನ ಆಡಿಟರ್ ಸಾರ್‌ಗಳಿಗೆ, ಮೇಡಂಗಳಿಗೆ ನನ್ನ ಕೋರಿಕೆ ಇಷ್ಟೇ. ನಿಮ್ಮ ಆಫೀಸಿನಲ್ಲೂ ಫೈನಲ್ ಬಾಕಿ ಇಟ್ಟುಕೊಂಡು ಕೂತವರು ಇರುತ್ತಾರೆ. ರಜೆ ಕೇಳಲು ಅವರಿಗೆ ಬಾಯಿ ಬರಲ್ಲ, ಮೊದಲು ನೀವೇ ಕೇಳಿ. ಈ ಸಲದ ಆಡಿಟ್ ಫೈಲುಗಳನ್ನು ಹಂಚುವ ಮುಂಚೆ ಕೇಳಿ. ಸಂಬಳ ಸಮೇತ ಒಂದು ತಿಂಗಳು ಕೊಡಲು ಸಾಧ್ಯವಾದರೆ ಕೊಡಿ, ಆಗದಿದ್ದರೆ ದಿನಕ್ಕೆ ಅರ್ಧ ಹೊತ್ತಾದರೂ ಬಿಡಿ. ಓದು ಬಿಟ್ಟು ಎಷ್ಟೋ ವರ್ಷವಾಗಿದ್ದು ಈಗ ಮತ್ತೆ ಶುರು ಮಾಡಬೇಕು ಅಂದುಕೊಂಡಿರುವ ಅಕ್ಕ ತಂಗಿಯರು, ಅಣ್ಣ ತಮ್ಮಂದಿರು ಇನ್‌ಬಾಕ್ಸಿಗೆ ಬನ್ನಿ. ನನ್ನ ನೋಟ್ಸ್ ಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಒಟ್ಟಿಗೆ ಕೂತು ಗಡಿಯಾರ ಇಟ್ಟುಕೊಂಡು ಪೇಪರ್ ಬರೆಯಲು ಜೊತೆ ಬೇಕಿದ್ದರೆ ಅದಕ್ಕೂ ನಾನು ತಯಾರಿದ್ದೇನೆ, ವಿದ್ಯಾನಗರದ ನಮ್ಮ ಮನೆಯ ಮಹಡಿ ಮೇಲೆ ಜಾಗ ಇದೆ.