ಸೋಪಿನ ಡಬ್ಬಿಯ ವಿದ್ಯುತ್ ಮಂಡಳಿ

ನಮ್ಮ ಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ನೇರವಾಗಿ ಬಾಯಿ ಹಾಕುವ ಸಾಮಾನುಗಳು ಈಚೆಗೆ ಕಡಿಮೆಯಾಗುತ್ತಿವೆ. ಮಿಕ್ಸಿ, ಫ್ರಿಜ್, ಇಸ್ತ್ರಿಪೆಟ್ಟಿಗೆಗಳಂಥ ಹಳೆಯ ತಲೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಯುಎಸ್‌ಬಿ ಸಂತಾನ. ಓದುವ ದೀಪ, ಅಂಗೈಯಗಲದ ಫ್ಯಾನು, ಸೊಳ್ಳೆ ಹಿಡಿಯುತ್ತೇನೆಂದು ನೇರಳೆ ಬಣ್ಣದಲ್ಲಿ ಬೆಳಗಿ ಒಂದನ್ನೂ ಹಿಡಿಯದ ಡಬ್ಬಿ, ಮಾವನವರ ರೇಡಿಯೊ, ಎಲ್ಲಕ್ಕೂ ಬೇಕಾದದ್ದು ಅದೇ 5 ವೋಲ್ಟ್. ಇಂಥ ಅಲ್ಪತೃಪ್ತ ಸಂಸಾರವನ್ನು ಸಾಕಲು ಒಂದು ಪವರ್ ಬ್ಯಾಂಕ್ ಧಾರಾಳ ಎಂದು ಅಂಗಡಿಯವನು ಹೇಳಿದ್ದ. ನಾನೂ ನಂಬಿದ್ದೆ.

ಅದರ ನಿಜ ಸ್ವಭಾವ ತಿಳಿದದ್ದು ಗಣೇಶನ ಹಬ್ಬದಲ್ಲಿ. ಮಂಟಪದ ಹತ್ತಿರ ಪ್ಲಗ್ ಇರಲಿಲ್ಲ. ಎಲ್‌ಇಡಿ ದೀಪದ ಸರವನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ, ಅದನ್ನು ಬಾಳೆಕಂದಿನ ಹಿಂದೆ ಅಡಗಿಸಿಟ್ಟೆ. ದೀಪ ಝಗ್ಗೆಂದು ಹತ್ತಿತು. ಅರ್ಧ ನಿಮಿಷಕ್ಕೆ ಆರಿತು. ಗುಂಡಿ ಒತ್ತಿದರೆ ಮತ್ತೆ ಹತ್ತಿತು, ಮತ್ತೆ ಆರಿತು. ಮಂಗಳಾರತಿಯ ಹೊತ್ತಿಗೆ ಒಂದು ಕೈಯಲ್ಲಿ ಗಂಟೆ ಬಾರಿಸುತ್ತ, ಇನ್ನೊಂದು ಕೈಯನ್ನು ಗಣಪತಿಯ ಬೆನ್ನ ಹಿಂದೆ ತೂರಿಸಿ ಗುಂಡಿ ಒತ್ತುತ್ತಿದ್ದ ನನ್ನನ್ನು ಕಂಡು, ಪಕ್ಕದ ಮನೆಯವರು ಇದು ನಮ್ಮ ಕಡೆಯ ಶಾಸ್ತ್ರವಿರಬೇಕೆಂದು ಭಕ್ತಿಯಿಂದ ಕೈಮುಗಿದರು.

ವಿಷಯ ಇಷ್ಟೆ. ಹರಿಯುವ ವಿದ್ಯುತ್ತು ಒಂದು ಮಿತಿಗಿಂತ ಕೆಳಗಿಳಿದರೆ, ಫೋನಿನ ಹೊಟ್ಟೆ ತುಂಬಿತೆಂದು ತಿಳಿದು ಪವರ್ ಬ್ಯಾಂಕ್ ಅಂಗಡಿ ಮುಚ್ಚಿಬಿಡುತ್ತದೆ. ಫೋನು ಸಾವಿರ, ಎರಡು ಸಾವಿರ ಮಿಲಿ ಆಂಪಿಯರ್ ಎಳೆಯುತ್ತದೆ. ದೀಪದ ಸರ ಕೇಳುವುದು ಮೂವತ್ತೋ ನಲವತ್ತೋ. ಹೆಚ್ಚು ಕೇಳಿದವರಿಗೆ ಕೈತುಂಬ ಕೊಟ್ಟು, ಹಿಡಿ ಅಕ್ಕಿ ಕೇಳಿದವರನ್ನು ಬಾಗಿಲಲ್ಲೇ ಸಾಗಹಾಕುವ ದೊಡ್ಡಮನೆಯ ಯಜಮಾನನಂತೆ ಅದರ ನಡತೆ. ಆ ದೊಡ್ಡಸ್ತಿಕೆಯಲ್ಲೂ ಪೊಳ್ಳಿದೆ. ಮೈಮೇಲೆ ಬರೆದುಕೊಂಡ 10,000 ಮಿಲಿ ಆಂಪಿಯರ್ ಗಂಟೆ ಎಂಬುದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿದ ಕೂಡಲೇ ಅದು 7,400ಕ್ಕೆ ಇಳಿಯುತ್ತದೆ. ಏರಿಸಿದ ಕೂಲಿಯನ್ನೂ ಕಳೆದರೆ ಇನ್ನೂ ಕಡಿಮೆ.

ಬಡ ದೀಪಗಳನ್ನೂ ವಿಚಾರಿಸಿಕೊಳ್ಳುವ ಒಂದು ಪೆಟ್ಟಿಗೆಯನ್ನು ನಾನೇ ಕಟ್ಟುವುದೆಂದು ತೀರ್ಮಾನಿಸಿದೆ.

"ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕೇನು?" ಎಂದಳು ಹೆಂಡತಿ.

ಇಂಥ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಲಿಥಿಯಂ ಅಯಾನ್ ಬ್ಯಾಟರಿಗಾಗಿ ಜಾನ್ ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ, ಅಷ್ಟು ವಯಸ್ಸಿನಲ್ಲಿ ಆ ಪ್ರಶಸ್ತಿ ಪಡೆದವರು ಬೇರೆ ಯಾರೂ ಇಲ್ಲ ಎಂದೆ. "ಹಾಗಾದರೆ ನಿಮಗಿನ್ನೂ ಬೇಕಾದಷ್ಟು ಸಮಯವಿದೆ, ಮೊದಲು ಊಟದ ಮೇಜು ಖಾಲಿ ಮಾಡಿ" ಎಂದಳು.

ಸೆಲ್ಲುಗಳಿಗೆ ಖರ್ಚಿರಲಿಲ್ಲ. ಅಟ್ಟದಲ್ಲಿ ಸತ್ತ ಲ್ಯಾಪ್‌ಟಾಪ್ ಒಂದಿತ್ತು. ಅದರ ಬ್ಯಾಟರಿಯಲ್ಲಿ ಎರಡೆರಡರಂತೆ ಮೂರು ಜೋಡಿ, ಒಟ್ಟು ಆರು ಸೆಲ್ಲು. ಬ್ಯಾಟರಿ ಸತ್ತಿತೆಂದರೆ ಆರೂ ಸತ್ತವೆಂದಲ್ಲ. ಸಾಮಾನ್ಯವಾಗಿ ಒಂದು ಜೋಡಿ ಕೈಕೊಟ್ಟಿರುತ್ತದೆ, ಉಳಿದ ನಾಲ್ಕು ಅದರ ಸಹವಾಸದಿಂದ ಕೆಟ್ಟ ಹೆಸರು ಹೊತ್ತು ಗುಜರಿಗೆ ಹೋಗುತ್ತವೆ. ಕವಚವನ್ನು ಒಡೆಯಬಾರದೆಂದೇ ಅಂಟಿಸಿರುತ್ತಾರೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದಾಗ ಪ್ಲಾಸ್ಟಿಕ್ಕಿನ ಚೂರೊಂದು ಚಿಮ್ಮಿ ಹೋಯಿತು. ಎಲ್ಲಿಗೆ ಹೋಯಿತೆಂಬುದು ರಾತ್ರಿ ಹುಳಿ ಬಡಿಸಿದಾಗ ಮಾವನವರಿಗೆ ಗೊತ್ತಾಯಿತು.

ಒಳಗಿನಿಂದ ಹೊರಬಂದ ಸೆಲ್ಲುಗಳ ಹೆಸರು 18650. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಎಂದರೆ ಉರುಳೆ ಆಕಾರ. "ಇದು ಬೆಲೆಯೇ ಅಳಿಯಂದಿರೇ?" ಎಂದು ಮಾವನವರು ಗಾಬರಿಯಿಂದ ಕೇಳಿದರು. ಮಲ್ಟಿಮೀಟರ್ ಹಿಡಿದು ನೋಡಿದರೆ ಒಂದು ಜೋಡಿ ಒಂದು ವೋಲ್ಟನ್ನೂ ತೋರಿಸಲಿಲ್ಲ. ಉಳಿದವು 3.6ರಲ್ಲಿ ಗಟ್ಟಿಯಾಗಿ ನಿಂತಿದ್ದವು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಬಿಸಿ ಒಳಗಿಳಿದು ಅದು ಕೆಡುತ್ತದೆ. ಹಾಗಾಗಿ ಕಂಪನಿಯವರೇ ಅಂಟಿಸಿದ್ದ ನಿಕಲ್ ಪಟ್ಟಿಗಳನ್ನು ಸ್ವಲ್ಪ ಬಾಲ ಬಿಟ್ಟು ಕತ್ತರಿಸಿ, ಆ ಬಾಲಕ್ಕೆ ತಂತಿ ಬೆಸೆಯಬೇಕು. ಇದೊಂದು ಕೆಲಸ ನನ್ನ ಕೈಯಲ್ಲಿ ಎಷ್ಟು ಚೆನ್ನಾಗಿ ಆಯಿತೆಂದರೆ, ನೋಡಲು ಯಾರೂ ಮನೆಯಲ್ಲಿರಲಿಲ್ಲ.

ಚಾರ್ಜಿಂಗ್ ಬೋರ್ಡಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಬೋರ್ಡು ಕೊಟ್ಟವನು ಸೆಲ್ಲನ್ನೂ ಕೊಳ್ಳುವಂತೆ ಒತ್ತಾಯಿಸಿದ. ಅದರ ಮೇಲೆ 9,900 ಎಂದು ಅಚ್ಚಾಗಿತ್ತು. ಆ ಗಾತ್ರದ ಸೆಲ್ಲಿನಲ್ಲಿ ಎಷ್ಟು ತುರುಕಿದರೂ ಮೂರೂವರೆ ಸಾವಿರದ ಆಚೀಚೆ ನಿಲ್ಲುತ್ತದಲ್ಲ ಎಂದು ಅನುಮಾನಿಸಿದೆ. "ಸಾಲದಿದ್ದರೆ 12,000ದ್ದೂ ಇದೆ ಸಾರ್, ಬೆಲೆ ಎರಡಕ್ಕೂ ಒಂದೇ" ಎಂದ. ಸೆಲ್ಲಿನೊಳಗಿನ ಈ ಲಿಥಿಯಂ ಎಂಬ ಲೋಹಕ್ಕೂ ಅಂಕಿಗೂ ಅಷ್ಟಾಗಿ ಆಗಿಬರುವುದಿಲ್ಲವೆಂದು ಕಾಣುತ್ತದೆ. ನಮ್ಮ ಮಂಡ್ಯದ ಮರ್ಲಗಲ್ಲದ ಬಳಿ ಲಿಥಿಯಂ ಸಿಕ್ಕಿತೆಂದು 2020ರಲ್ಲಿ ಸುದ್ದಿಯಾದಾಗ ಕೇಳಿಬಂದ ಅಂಕಿ 14,100 ಟನ್. ಮರುವರ್ಷ ಸರ್ಕಾರ ಹೇಳಿದ್ದು 1,600 ಟನ್.

ಇನ್ನು ಬೂಸ್ಟ್ ಬೋರ್ಡಿನ ಕಥೆ. 3.7 ವೋಲ್ಟನ್ನು 5ಕ್ಕೆ ಏರಿಸುವ ಎಂ.ಟಿ. 3608 ಎಂಬ ಈ ಬೋರ್ಡು ಹೆಬ್ಬೆರಳಿಗಿಂತ ದೊಡ್ಡದಲ್ಲ. ಆದರೆ ಮನಸ್ಸು ಮಾಡಿದರೆ 28 ವೋಲ್ಟಿನವರೆಗೂ ಏರುತ್ತದೆ. ಎಷ್ಟಕ್ಕೆ ನಿಲ್ಲಬೇಕೆಂದು ಹೇಳಲು ಅದರ ಮೇಲೊಂದು ನೀಲಿ ಇಟ್ಟಿಗೆ, ಇಟ್ಟಿಗೆಯ ಮೂಲೆಯಲ್ಲಿ ಒಂದು ಪುಟ್ಟ ಹಿತ್ತಾಳೆಯ ತಿರುಪು. ಆ ತಿರುಪಿನ ಗುಣ ವಿಚಿತ್ರ. ಹೊಸದರಲ್ಲಿ ಸುತ್ತಿದಷ್ಟೂ ಸುತ್ತುತ್ತದೆ, ಮೀಟರಿನ ಮುಳ್ಳು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಬೋರ್ಡು ಕೆಟ್ಟಿದೆ ಎಂದು ಅಂಗಡಿಯವನನ್ನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಧಡಕ್ಕನೆ ಏಳುತ್ತದೆ. ತಾಳ್ಮೆಯಿಂದ ಕುಳಿತು ಸರಿಯಾಗಿ 5ಕ್ಕೆ ತಂದು ನಿಲ್ಲಿಸಿದೆ. ದೀಪದ ಸರ ರಾತ್ರಿಯಿಡೀ ಉರಿಯಿತು. ಗಣಪತಿ ಆಗಲೇ ನೀರು ಸೇರಿಯಾಗಿತ್ತು, ಆದರೂ ಉರಿಯಿತು.

ಮಾರನೆಯ ದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ನಡುಮನೆಯಿಂದ ಹಿಟ್ಟಿನ ಗಿರಣಿಯ ಸದ್ದು ಬರುತ್ತಿತ್ತು. ಮಾವನವರು ಆರಾಮ ಕುರ್ಚಿಯಲ್ಲಿ ಕಣ್ಮುಚ್ಚಿ ಕುಳಿತಿದ್ದರು. ಎದುರಿಗಿದ್ದ ಅಂಗೈಯಗಲದ ಫ್ಯಾನು ಮೇಜಿನ ಮೇಲೆ ನಿಲ್ಲಲಾರದೆ ತಾನೇ ನಡೆಯುತ್ತ ಅವರ ಕಡೆಗೆ ಬರುತ್ತಿತ್ತು. ಅವರ ಪಂಚೆಯ ಅಂಚು ಪಟಪಟ ಹಾರುತ್ತಿತ್ತು.

"ನಿಮ್ಮ ಯಂತ್ರದಲ್ಲಿ ಒಂದು ತಿರುಪು ಸಡಿಲವಾಗಿತ್ತು ಅಳಿಯಂದಿರೇ. ಎಷ್ಟು ತಿರುಗಿಸಿದರೂ ಬಿಗಿಯಾಗಲಿಲ್ಲ. ಆದರೆ ಗಾಳಿ ನೋಡಿ, ಈಗ ಗಾಳಿ!"

ಮೀಟರ್ ಹಿಡಿದರೆ 12 ವೋಲ್ಟ್ ದಾಟಿತ್ತು. ಫ್ಯಾನನ್ನು ನಿಲ್ಲಿಸಿದೆ. ಅದು ಸುಟ್ಟ ವಾಸನೆಯೊಂದನ್ನು ಬಿಟ್ಟು ಶಾಶ್ವತವಾಗಿ ನಿಂತಿತು. ನನ್ನ ಕೈಗುಣ ಸರಿಯಿಲ್ಲ, ಇಷ್ಟು ಹೊತ್ತು ಚೆನ್ನಾಗಿ ಓಡುತ್ತಿತ್ತು ಎಂದು ಮಾವನವರಿಗೆ ಇಂದಿಗೂ ಬೇಸರ. ಇಂಥ ತಿರುಪುಗಳ ಮೇಲೆ ಒಂದು ತೊಟ್ಟು ಉಗುರು ಬಣ್ಣ ಹಾಕಿ ಒಣಗಿಸಿಬಿಟ್ಟರೆ ಅಲುಗುವುದಿಲ್ಲ. ಹೆಂಡತಿಯ ಶೀಶೆಯಿಂದ ಹಾಕಿದೆ. ಅದು ಯಾವುದೋ ಮದುವೆಗೆಂದು ತೆಗೆದಿರಿಸಿದ್ದ ಬಣ್ಣವಂತೆ. ಆ ವಿಚಾರ ಇಲ್ಲಿ ಬೇಡ.

ಬತ್ತಲೆ ಬೋರ್ಡನ್ನು ಮನೆಯವರ ಸಹಾಯದ ಕಾಟದಿಂದ ಕಾಪಾಡಲು ಒಂದು ಪೆಟ್ಟಿಗೆ ಬೇಕಾಗಿತ್ತು. ನಾಲ್ಕು ಸೆಲ್ಲುಗಳನ್ನು ಒತ್ತಾಗಿ ಜೋಡಿಸಿದರೆ ಎಷ್ಟಾಗುತ್ತದೋ, ಪ್ರಯಾಣದ ಸೋಪಿನ ಡಬ್ಬಿಯನ್ನು ಅಷ್ಟಕ್ಕೇ ಅಳೆದು ಮಾಡಿರುತ್ತಾರೆ. ಮನೆಯಲ್ಲಿ ಅಂಥ ತಿಳಿನೀಲಿ ಡಬ್ಬಿಗಳ ಜೋಡಿ ಇತ್ತು. ಒಂದನ್ನು ತೆಗೆದುಕೊಂಡು, ಕಾದ ಕಬ್ಬಿಣದಿಂದ ಒಂದು ಬದಿಗೆ ತೂತು ಕೊರೆದು, ಎಲ್ಲವನ್ನೂ ಒಳಗೆ ಕೂರಿಸಿ, ಟಿ.ಪಿ. 4056 ಚಾರ್ಜಿಂಗ್ ಬೋರ್ಡಿನ ಕೆಂಪು ದೀಪ ನೀಲಿಯಾಗುವವರೆಗೆ ಕಾದು, ಮುಚ್ಚಳ ಹಾಕಿದೆ. ನೋಡಲು ಥೇಟ್ ಸೋಪಿನ ಡಬ್ಬಿ. ತೂತು ಕೂಡ ನೀರು ಬಸಿಯಲು ಇರುವಂತೆಯೇ ಕಾಣುತ್ತಿತ್ತು.

ಅತ್ತೆ ಮಾವ ಕಾಶಿಗೆ ಹೊರಟದ್ದು ಆ ತಿಂಗಳಲ್ಲೇ. ಅತ್ತೆಯವರು ಪರಸ್ಥಳದಲ್ಲಿ ಕಂಡ ಕಂಡ ಸೋಪನ್ನು ಮುಟ್ಟುವವರಲ್ಲ. ಮೈಸೂರು ಸ್ಯಾಂಡಲ್ ತುಂಬಿದ ನೀಲಿ ಡಬ್ಬಿಯನ್ನು ಸ್ವಂತ ಕೈಯಿಂದ ದೊಡ್ಡ ಸೂಟ್‌ಕೇಸಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟರು. ಯಾವ ನೀಲಿ ಡಬ್ಬಿ ಎಂಬುದು ಗೊತ್ತಾದದ್ದು ವಿಮಾನ ನಿಲ್ದಾಣದಿಂದ ಫೋನ್ ಬಂದಾಗ.

ಬಿಡಿ ಲಿಥಿಯಂ ಬ್ಯಾಟರಿಯನ್ನು, ಪವರ್ ಬ್ಯಾಂಕನ್ನು ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಇಡುವಂತಿಲ್ಲ. ಅಲ್ಲಿ ಹೊತ್ತಿಕೊಂಡರೆ ನಂದಿಸುವವರು ಯಾರೂ ಇರುವುದಿಲ್ಲ. ಪವರ್ ಬ್ಯಾಂಕು 100 ವಾಟ್ ಗಂಟೆಯೊಳಗಿನದಾದರೆ ಕೈಚೀಲದಲ್ಲಿ ಒಯ್ಯಬಹುದು. ನನ್ನದು ಲೆಕ್ಕ ಹಾಕಿದರೆ ಮೂವತ್ಮೂರನ್ನೂ ಮುಟ್ಟುವುದಿಲ್ಲ. ಆದರೆ ಸ್ಕ್ಯಾನರಿನ ಪರದೆಯಲ್ಲಿ ರೇಷ್ಮೆ ಸೀರೆಯ ನಡುವೆ ನಾಲ್ಕು ಉರುಳೆ, ಎರಡು ಬೋರ್ಡು, ಕೆಂಪು ಕಪ್ಪು ತಂತಿ ಕಂಡ ಅಧಿಕಾರಿಗೆ ಈ ಲೆಕ್ಕ ಕೇಳುವ ಮನಸ್ಸು ಬರಲಿಲ್ಲ. ಇಬ್ಬರನ್ನೂ ಒಳಗೆ ಕರೆದು, ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರಂತೆ.

"ಮೈಸೂರು ಸ್ಯಾಂಡಲ್" ಎಂದರು ಅತ್ತೆ.

ಮುಚ್ಚಳ ತೆಗೆಸಿದರು. ಅತ್ತೆಯವರು ಒಳಗೆ ಇಣುಕಿ ನೋಡಿ, ಒಂದು ಕ್ಷಣವೂ ತಡಮಾಡದೆ, "ಇದು ನಮ್ಮ ಅಳಿಯಂದಿರು" ಎಂದರಂತೆ. ಮಾವನವರು ತಮ್ಮ ಪಾಲಿನ ನೆರವಾಗಿ, ತಿರುಪಿನ ಮೇಲಿನ ಉಗುರು ಬಣ್ಣ ತೋರಿಸಿ, ಅದನ್ನು ಮಾತ್ರ ತಿರುಗಿಸಬೇಡಿ ಎಂದು ಎಚ್ಚರಿಸಿದರಂತೆ. ಆ ಮೇಲೆ ಸುತ್ತ ನಿಂತಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರೆಂದು ಕೇಳಿದೆ. ನನಗೆ ಫೋನ್ ಮಾಡಿದವರು ಸಜ್ಜನರು. ನಾನು ಬೂಸ್ಟ್ ಬೋರ್ಡಿನ ವಿವರಣೆಗೆ ತೊಡಗುವುದರೊಳಗೆ, ಡಬ್ಬಿಯನ್ನು ಬಿಟ್ಟುಹೋಗಲು ಒಪ್ಪಿಗೆಯೇ ಎಂದು ಮಾತ್ರ ಕೇಳಿ, ವಿಮಾನ ತಪ್ಪದಂತೆ ಇಬ್ಬರನ್ನೂ ಹತ್ತಿಸಿದರು.

ಕಾಶಿಗೆ ಹೋದವರು ಇಷ್ಟವಾದ ಒಂದು ಪದಾರ್ಥವನ್ನು ಬಿಟ್ಟು ಬರಬೇಕೆಂಬುದು ಪದ್ಧತಿ. ಅತ್ತೆಯವರು ಸೀಬೆಹಣ್ಣು ಬಿಟ್ಟರು. ಮಾವನವರು ಬದನೆಕಾಯಿ ಬಿಡುವುದೆಂದು ಇಲ್ಲಿಂದಲೇ ಮಾತಾಗಿತ್ತು. ಆದರೆ ಗಂಗಾಜಲದ ಗಿಂಡಿಯೊಂದಿಗೆ ಮನೆಗೆ ಬಂದ ದಿನ ಅವರ ವಾದವೇ ಬೇರೆ: ಯಾತ್ರೆಗೆಂದು ಹೊರಟ ಮೇಲೆ ವಿಮಾನ ನಿಲ್ದಾಣದಲ್ಲೇ ಒಂದು ವಸ್ತುವನ್ನು ಬಿಟ್ಟಾಯಿತಲ್ಲ, ಒಬ್ಬರಿಗೆ ಒಂದು ತಾನೆ? "ಬಿಟ್ಟದ್ದು ಅಳಿಯಂದಿರ ಡಬ್ಬಿ, ನಿಮ್ಮದಲ್ಲ" ಎಂದರು ಅತ್ತೆ. "ಅದರ ಗಾಳಿ ಕುಡಿದವನು ನಾನೊಬ್ಬನೇ" ಎಂದರು ಮಾವ. ತೀರ್ಪು ಕೊಡೆಂದು ನನ್ನ ಮುಖ ನೋಡಿದರು. ಅಡುಗೆಮನೆಯಿಂದ ವಾಂಗೀಬಾತಿನ ಪುಡಿ ಹುರಿಯುವ ವಾಸನೆ ಬರುತ್ತಿತ್ತು. ಡಬ್ಬಿ ಅವರದ್ದೇ ಎಂದೆ.